ಕಣ್ಣಗಿ ಉಳಿದಳು, ಪುಹಾರ್ ಮಸುಕಾಯಿತು

ಚೆನ್ನೈನ ಅಣ್ಣಾ ಸಾಲೈಯಲ್ಲಿ ಕಂಚಿನ ವಿಗ್ರಹವನ್ನೋ ತಂಜಾವೂರು ತಟ್ಟೆಯನ್ನೋ ಕೊಳ್ಳಬೇಕಾದವರು ‘ಪೂಂಪುಹಾರ್’ಗೆ ಹೋಗುತ್ತಾರೆ. ಅದು ತಮಿಳುನಾಡು ಸರ್ಕಾರದ ಕರಕುಶಲ ನಿಗಮದ ಮಳಿಗೆ. ಹೆಸರು ಮಾತ್ರ ಕಾವೇರಿ ಕಡಲು ಸೇರುವಲ್ಲಿದ್ದ ಚೋಳರ ಹಳೆಯ ಬಂದರು ಪುಹಾರಿನದು. ಸಾಂತೋಮ್ ಪಕ್ಕದ ಪಟ್ಟಿನಪಾಕ್ಕಂಗೂ, ತಮಿಳು ಮಹಾಕಾವ್ಯ ‘ಶಿಲಪ್ಪದಿಕಾರಂ’ ವರ್ಣಿಸುವ ಪುಹಾರ್ ನಗರದ ಒಂದು ಭಾಗಕ್ಕೂ ಒಂದೇ ಹೆಸರು. ಮರೀನಾ ದಂಡೆಯಲ್ಲಿ ಕಾಲಂದುಗೆ ಎತ್ತಿ ಹಿಡಿದು ನಿಂತಿರುವ, ಆ ಕಾವ್ಯದ ನಾಯಕಿ ಕಣ್ಣಗಿಯ ತವರೂ ಪುಹಾರೇ. 1968ರ ವಿಶ್ವ ತಮಿಳು ಸಮ್ಮೇಳನದ ಹೊತ್ತಿಗೆ ನಿಂತ ಈ ಪ್ರತಿಮೆಯನ್ನು 2001ರಲ್ಲಿ ತೆಗೆದಾಗ ನಾಡೇ ಸಿಡಿದೆದ್ದಿತು. 2006ರಲ್ಲಿ ಅದು ಮರಳಿತು.

ಈ ಹೆಸರುಗಳಿಗೆ ಜನಮನದಲ್ಲಿ ಮುಖ, ದನಿ ಕೊಟ್ಟದ್ದರಲ್ಲಿ 1964ರ ‘ಪೂಂಪುಹಾರ್’ ಚಿತ್ರದ ಪಾಲು ದೊಡ್ಡದು. ಎಂ. ಕರುಣಾನಿಧಿಯವರ ಸಂಭಾಷಣೆ, ಪಿ. ನೀಲಕಂಠನ್ ನಿರ್ದೇಶನ, ಕಣ್ಣಗಿಯ ಗಂಡ ಕೋವಲನಾಗಿ ಎಸ್.ಎಸ್. ರಾಜೇಂದ್ರನ್. ಜೈನ ಸನ್ಯಾಸಿನಿ ಕವುಂದಿ ಅಡಿಗಳ ಪಾತ್ರದಲ್ಲಿ ಕೆ.ಬಿ. ಸುಂದರಾಂಬಾಳ್ ಅವರ ತುಂಬುಕಂಠವಿದೆ. ಪಾಂಡ್ಯರಾಜನ ಆಸ್ಥಾನದಲ್ಲಿ ವಿಜಯಕುಮಾರಿಯವರ ಕಣ್ಣಗಿ ಗಂಡನ ಸಾವಿಗೆ ನ್ಯಾಯ ಕೇಳುವ ದೃಶ್ಯ ಇಂದಿಗೂ ಮೈ ನಡುಗಿಸುತ್ತದೆ.

ಆದರೆ ಆ ದೃಶ್ಯ ನಡೆಯುವುದು ಮದುರೆಯಲ್ಲಿ! ಇಳಂಗೋ ಅಡಿಗಳ ‘ಶಿಲಪ್ಪದಿಕಾರಂ’ ಕಾವ್ಯದ ಮೊದಲ ಕಾಂಡವೇ ಪುಹಾರ್ ಕಾಂಡ. ಅಲ್ಲಿ ಹಗಲು ಸಂತೆಯುಂಟು, ಇರುಳು ಸಂತೆಯುಂಟು, ಕಡಲು ದಾಟಿ ಬಂದ ಯವನರ ಮನೆಗಳುಂಟು, ಇಂದ್ರೋತ್ಸವದ ಗದ್ದಲವುಂಟು. ಊರೇ ಒಂದು ಪಾತ್ರ. ಚಿತ್ರ ಆ ಊರಿನ ಹೆಸರನ್ನು ಹೊತ್ತರೂ ತನ್ನ ಕಸುವನ್ನೆಲ್ಲ ಮಾತಿಗೆ ಸುರಿಯಿತು. ಊರು ಹಿನ್ನೆಲೆಯ ಪರದೆಯಾಯಿತು. ನಮ್ಮ ‘ಮಯೂರ’ದಲ್ಲೂ (1975) ರಾಜ್‌ಕುಮಾರ್ ಅವರ ತೇಜಸ್ಸಿನೆದುರು ವರದಾ ತೀರದ ಬನವಾಸಿ ಹಿಂದೆ ಸರಿದದ್ದನ್ನು ಕನ್ನಡಿಗರು ಬಲ್ಲರು.

ಕಣ್ಣಗಿಯ ಹೆಸರು ಹೆಚ್ಚು ಅರ್ಥ ಪಡೆದಿರುವುದು ಚೆನ್ನೈನ ತೆಂಕಣಕ್ಕೆ, ಒಕ್ಕಿಯಂ ತೊರೈಪಾಕ್ಕದಲ್ಲಿ. ಸ್ಲಮ್ಮುಗಳಿಂದ ಎಬ್ಬಿಸಿದ ಸಾವಿರಾರು ಕುಟುಂಬಗಳನ್ನು 2000ದಿಂದೀಚೆಗೆ ತಂದಿಳಿಸಿದ ಅಲ್ಲಿನ ಬಡಾವಣೆ ಕಣ್ಣಗಿ ನಗರ. ತನ್ನೂರು ಬಿಟ್ಟು, ಪರವೂರಿನಲ್ಲಿ ಎಲ್ಲವನ್ನೂ ಕಳೆದುಕೊಂಡು, ದೊರೆಯ ಮುಂದೆ ನಿಂತು ಲೆಕ್ಕ ಕೇಳಿದವಳ ಹೆಸರು ಅಲ್ಲಿನ ಬದುಕಿಗೆ ನೇರವಾಗಿ ತಾಗುತ್ತದೆ.

ಚಿತ್ರ ತೆರೆಕಂಡ ದಶಕದಲ್ಲೇ ಪುರಾತತ್ತ್ವಜ್ಞರು ಪೂಂಪುಹಾರ್ ಬಳಿಯ ಕೀಳೈಯೂರಿನಲ್ಲಿ ದೋಣಿ ಕಟ್ಟಿಹಾಕುವ ಇಟ್ಟಿಗೆಯ ಕಟ್ಟೆಯನ್ನೂ, ಪಲ್ಲವನೇಶ್ವರದಲ್ಲಿ ಬೌದ್ಧ ವಿಹಾರವನ್ನೂ ಅಗೆದು ತೆಗೆದರು. ಚಿತ್ರ ನೋಡಿ ಮೆಚ್ಚಿದವರು ಒಮ್ಮೆ ಮಯಿಲಾಡುತುರೈ ಜಿಲ್ಲೆಯ ಆ ಕಡಲತೀರಕ್ಕೂ ಹೋಗಿಬರಬೇಕು.