ಇಂದಾಪುರದಲ್ಲಿ ಕೇಳಿದ ಮಾತು: ನಮ್ಮ ಪ್ರವಾಸ ಲೇಖನಗಳ ಕುರಿತು

ಸಂಘದ ಪತ್ರಿಕೆಗೆ ಬೇರೆ ಯಾವುದಕ್ಕೆ ಬರ ಬಂದರೂ ಪ್ರವಾಸ ಲೇಖನಕ್ಕೆ ಬರವಿಲ್ಲ. ಪಂಢರಪುರ, ತುಳಜಾಪುರ, ಗಾಣಗಾಪುರ ಯಾವುದೇ ಇರಲಿ, ಬೆಳಗಿನ ಬಸ್ಸು, ದರ್ಶನದ ಸಾಲು, ಬುತ್ತಿಯ ಊಟ, ರಾತ್ರಿಯ ಹೊತ್ತಿಗೆ ಮನೆ, ಕೊನೆಗೆ 'ಅವಿಸ್ಮರಣೀಯ ಅನುಭವ' ಎಂಬ ಒಂದು ಸಾಲು. ಇತ್ತೀಚೆಗೆ ಈ ಪಟ್ಟಿಗೆ ಭಿಗವಣದ ಫ್ಲೆಮಿಂಗೊ ಹಕ್ಕಿಗಳೂ ಸೇರಿವೆ. ನಾವು ಅನ್ಯರನ್ನು ದೂರುತ್ತಿಲ್ಲ. ಇಂಥ ಲೇಖನಗಳನ್ನು ನಾವೂ ಬರೆದಿದ್ದೇವೆ. ಆದ್ದರಿಂದ ಈ ಟೀಕೆ ಮೊದಲು ನಮಗೇ ಸಲ್ಲತಕ್ಕದ್ದು.

ಹೋದ ವರ್ಷ ಪುಣೆಯಿಂದ ಸೊಲ್ಲಾಪುರದ ಮಾರ್ಗವಾಗಿ ಊರಿಗೆ ಹೊರಟಿದ್ದೆವು. ಬಸ್ಸು ಕೆಟ್ಟು ಇಂದಾಪುರದಲ್ಲಿ ಎರಡು ತಾಸು ಕೂಡಬೇಕಾಯಿತು. ಚಹದ ಅಂಗಡಿಯ ಬಾಕಿನ ಮೇಲೆ ಇದ್ದ ವೃದ್ಧರೊಬ್ಬರು ನಮ್ಮ ಮರಾಠಿಯ ರಾಗ ಕೇಳಿ, "ಕರ್ನಾಟಕದವರೋ?" ಎಂದರು. ಇಂಡಿ ತಾಲ್ಲೂಕು, ಭೀಮಾ ತೀರ ಎಂದೆವು. "ಹಾಗಾದರೆ ನೀವು ನಮ್ಮ ಹೊಲದ ಮೇಲಿನ ನೀರು ಕುಡಿಯುವವರು" ಎಂದು ನಕ್ಕರು. ಆ ನಗೆಯಲ್ಲಿ ಸಿಟ್ಟು ಇರಲಿಲ್ಲ. ಆದರೂ ಚಹ ಗಂಟಲಲ್ಲಿ ಇಳಿಯಲು ತುಸು ಹೊತ್ತು ಹಿಡಿಯಿತು.

ಅವರ ತಂದೆಯ ಹೊಲ ಉಜನಿ ಜಲಾಶಯದಲ್ಲಿ ಹೋಯಿತಂತೆ. ಹೊಲದಲ್ಲಿ ಬಾವಿ ಇತ್ತು, ಕಾಗದದಲ್ಲಿ ಇರಲಿಲ್ಲ. ಆದ್ದರಿಂದ ಬಾಗಾಯತ ಭೂಮಿ ಜಿರಾಯತ ಎಂದು ದಾಖಲಾಯಿತು. ಬಾವಿಯನ್ನು ಕಾಗದಕ್ಕೆ ಏರಿಸಲು ಕೇಳಿದ 'ಖರ್ಚು' ತಂದೆಯ ಬಳಿ ಇರಲಿಲ್ಲ. ಬದಲಿಗೆ ತೋರಿಸಿದ ಜಮೀನನ್ನು ಆಗಲೇ ಬೇರೊಬ್ಬ ಉಳುತ್ತಿದ್ದ. ಪಕ್ಕದಲ್ಲಿದ್ದ ತರುಣನೊಬ್ಬ ನಡುವೆ ಬಾಯಿ ಹಾಕಿ, "ಕಾಕಾ, ಅದೇ ಹಿನ್ನೀರಿನಿಂದ ತಾನೆ ನಮ್ಮ ಕಬ್ಬು ನಿಂತಿರುವುದು?" ಎಂದ. ವೃದ್ಧರು ಅಲ್ಲಗಳೆಯಲಿಲ್ಲ. "ಕಬ್ಬು ನಿನ್ನದು, ಹೊಲ ನನ್ನದಿತ್ತು" ಎಂದರು.

ನಾವು ಕೇಂದ್ರ ಸರ್ಕಾರದ ಗುಮಾಸ್ತರು. ಫೈಲಿನ ಉಪ್ಪು ತಿಂದ ನಾಲಿಗೆ ಸುಮ್ಮನಿರುವುದಿಲ್ಲ. "ಎಲ್ಲ ನಿಯಮದ ಪ್ರಕಾರವೇ ಆಗಿರಬೇಕಲ್ಲ" ಎಂದುಬಿಟ್ಟೆವು. ಅವರು ವಾದಿಸಲಿಲ್ಲ, ಲೋಟ ಕೆಳಗಿಟ್ಟು ಎದ್ದು ಹೋದರು. ಬಸ್ಸು ಹೊರಟ ಮೇಲೂ ನಮ್ಮ ಮಾತೇ ನಮ್ಮನ್ನು ಚುಚ್ಚುತ್ತಿತ್ತು.

ಆ ವೃದ್ಧರ ಮಾತನ್ನು ಪರೀಕ್ಷಿಸಲು ನಮ್ಮಲ್ಲಿ ಸಾಧನವಿಲ್ಲ. ಆದರೆ ಉಜನಿಯ ಕೆಲಸ 1969ರಲ್ಲಿ ಮೊದಲಾಗಿ 1980ರಲ್ಲಿ ಮುಗಿಯಿತು. ಯೋಜನೆಗಳಿಂದ ನಿರಾಶ್ರಿತರಾದವರ ಪುನರ್ವಸತಿಗೆ ಮಹಾರಾಷ್ಟ್ರ ಕಾನೂನು ಮಾಡಿದ್ದು 1976ರಲ್ಲಿ. ಎಂದರೆ ಕಟ್ಟೆ ಮೊದಲು, ಕಾನೂನು ಆಮೇಲೆ. ನಿಯಮದ ಪ್ರಕಾರ ಎನ್ನುವ ಮುನ್ನ ನಿಯಮ ಯಾವಾಗ ಹುಟ್ಟಿತು ಎಂದು ಕೇಳಬೇಕಿತ್ತು.

ಇದೇ ಇಂದಾಪುರ ತಾಲ್ಲೂಕಿನ ಹಳೆಯ ಕಥೆಯೊಂದು ಸರ್ಕಾರಿ ದಾಖಲೆಯಲ್ಲೇ ಇದೆ. ಕಂಪನಿ ಸರ್ಕಾರದ ಅಧಿಕಾರಿ ಪ್ರಿಂಗಲ್ 1820ರ ದಶಕದ ಕೊನೆಯಲ್ಲಿ ಪುಣೆ ಪ್ರಾಂತ್ಯದ ಹೊಲಗಳನ್ನು ಅಳೆಸಿದ. ಖರ್ಚು ಕಳೆದು ಉಳಿದ ಉತ್ಪನ್ನದಲ್ಲಿ ನೂರಕ್ಕೆ 55 ಭಾಗ ಸರ್ಕಾರಕ್ಕೆ ಎಂಬುದು ಅವನ ಸೂತ್ರ. ಲೆಕ್ಕ ಅಚ್ಚುಕಟ್ಟು, ಅಳತೆ ಮಾತ್ರ ಸುಳ್ಳು. ಬಿ.ಎಸ್‌ಸಿ. ಓದುವಾಗ ಪ್ರಯೋಗಶಾಲೆಯಲ್ಲಿ ನಾವು ಕಲಿತದ್ದು ಇಷ್ಟೇ: ಅಳತೆ ತಪ್ಪಿದರೆ ಸೂತ್ರ ಎಷ್ಟು ಸರಿಯಿದ್ದರೂ ಉತ್ತರ ತಪ್ಪು. ಕಂದಾಯಕ್ಕಾಗಿ ರೈತರನ್ನು ಹಿಂಸಿಸಿದರು; ಅನೇಕರು ಮನೆ ಬಿಟ್ಟು ನೆರೆಯ ಸಂಸ್ಥಾನಗಳಿಗೆ ಓಡಿದರು; ಹೊಲಗಳು ಹಾಳುಬಿದ್ದವು. ಇದನ್ನು ನಂತರ ಮುಂಬಯಿ ಸರ್ಕಾರದ ವರದಿಯೇ ಒಪ್ಪಿಕೊಂಡಿತು. 1835-36ರಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಇಂದಾಪುರದಿಂದಲೇ ಹೊಸ ಅಳತೆ ಮೊದಲುಮಾಡಿದರು. ಮಣ್ಣಿಗೆ ಆಣೆಯ ಲೆಕ್ಕದ ದರ್ಜೆ, 30 ವರ್ಷ ಬದಲಾಗದ ಕಂದಾಯ, ಸರ್ವೆ ನಂಬರು. ಧಾರವಾಡ, ಬೆಳಗಾವಿ, ವಿಜಾಪುರಗಳಿಗೆ ಬಂದದ್ದೂ, 1863ರಿಂದ ಮೈಸೂರು ಅನುಸರಿಸಿದ್ದೂ ಈ ಮಾದರಿಯನ್ನೇ. ನಮ್ಮ ಊರಿನ ಉತಾರೆಯ ವಂಶವೃಕ್ಷ ಹುಡುಕಿದರೆ ಬೇರು ಇಂದಾಪುರದಲ್ಲಿ ಸಿಗುತ್ತದೆ! ರೈತರು ಆಡಿದ ಮಾತು 'ಬರೀ ಗೊಣಗಾಟ' ಆಗಿರಲಿಲ್ಲ ಎಂದು ಸರ್ಕಾರಕ್ಕೆ ತಿಳಿಯುವಷ್ಟರಲ್ಲಿ ಊರುಗಳು ಬರಿದಾಗಿದ್ದವು.

ಇನ್ನು ನಮ್ಮ ಸಾಹಿತ್ಯದ ಮಾತು. ನಾ. ಡಿಸೋಜ ಅವರ 'ದ್ವೀಪ'ವನ್ನು ಊರಿಂದ ಮರಳಿದ ಮೇಲೆ ಮತ್ತೆ ಓದಿದೆವು. ಅವರು ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದವರು, ಶರಾವತಿಯ ಮುಳುಗಡೆಯನ್ನು ಹತ್ತಿರದಿಂದ ಕಂಡವರು. ಸುತ್ತ ನೀರು ಏರುತ್ತಿರುವಾಗ ಪರಿಹಾರಕ್ಕಾಗಿ ಕಾದು ಕುಳಿತ ಗಣಪಯ್ಯ, ನಾಗವೇಣಿಯರ ಮನೆಯೊಳಗೆ ಓದುಗನನ್ನೂ ಕೂಡಿಸುತ್ತಾರೆ. ನೌಕರಿ ಅವರ ಕಿವಿಯನ್ನು ಮುಚ್ಚಲಿಲ್ಲ ಎಂಬುದೇ ನಮ್ಮಂಥವರಿಗೆ ಪಾಠ. ಗಿರೀಶ ಕಾಸರವಳ್ಳಿಯವರ ಚಿತ್ರ ನೋಡಿ ಮಳೆಯ ದೃಶ್ಯ ಎಷ್ಟು ಸೊಗಸು ಎಂದು ಮಾತ್ರ ಹೇಳಿ ಎದ್ದುಬಂದರೆ, ಅದೂ ಭಿಗವಣದ ಹಕ್ಕಿ ನೋಡಿ ಬಂದಂತೆಯೇ.

ಕೇಳಿದ್ದನ್ನೆಲ್ಲ ನಂಬಿ 'ಸರ್ಕಾರವೆಂದರೆ ಕಳ್ಳರ ಸಂತೆ' ಎಂದು ಬರೆಯಿರೆಂದು ನಾವು ಹೇಳುತ್ತಿಲ್ಲ. ಅದು ಸುಲಭದ ಮಾತು. ಹೇಳಿದವನಿಗೆ ಖರ್ಚಿಲ್ಲ, ಕೇಳಿದವನಿಗೆ ಲಾಭವಿಲ್ಲ. ಯಾರ ಹೊಲ, ಯಾವ ಕಾಗದ, ಯಾವ ವರ್ಷ ಎಂದು ಕೇಳಿ ಬರೆಯಬೇಕು. ಕಬ್ಬಿನ ತರುಣನ ಮಾತನ್ನೂ ಬಿಡಬಾರದು. ಬೇಸಿಗೆಯಲ್ಲಿ 'ಉಜನಿ ನೀರು ಬಿಡಿ' ಎಂದು ಭೀಮಾ ತೀರದ ನಮ್ಮವರು ಕೂಗುವುದು ನ್ಯಾಯವೇ. ಆಲಮಟ್ಟಿಯ ಹಿನ್ನೀರಿಗೆ ಹಳೆ ಬಾಗಲಕೋಟೆಯ ಮನೆ ಬಿಟ್ಟುಕೊಟ್ಟ ಕುಟುಂಬಗಳೂ ನಮ್ಮ ಸಂಘದಲ್ಲಿವೆ. ಎರಡೂ ದಡದ ಮಾತು ತಿಳಿದವರು ನಾವೇ ಕೇಳದಿದ್ದರೆ ಇನ್ನಾರು ಕೇಳಬೇಕು?

ನೀರು ಇಳಿದ ವರ್ಷಗಳಲ್ಲಿ ಪಳಸದೇವದ ಹಳೆಯ ದೇಗುಲ ಹೊರಗೆ ಕಾಣುತ್ತದೆ. ಮುಂದಿನ ಬಾರಿ ಆ ದಾರಿಯಲ್ಲಿ ಹೋಗುವವರು ಅವಶ್ಯ ನೋಡಿ ಬರೆಯಲಿ. ಗೋಪುರದ ಜೊತೆಗೆ ಅದರ ಸುತ್ತ ಯಾರ ಹೊಲಗಳಿದ್ದವು ಎಂದೂ ಒಂದು ಮಾತು ವಿಚಾರಿಸಲಿ. ಇಂದಾಪುರದ ಆ ವೃದ್ಧರು ಸಿಕ್ಕರೆ, 'ನಿಯಮದ ಪ್ರಕಾರ' ಎಂದ ಗುಮಾಸ್ತ ಕ್ಷಮೆ ಕೇಳಿದ್ದಾನೆಂದು ತಿಳಿಸಲಿ.