ರೀಮಾಸ್ಟರ್: ಕಾಪಾಡುವ ಕೈ, ಕೆಡಿಸುವ ಕೈ

ಪಿಂಕ್ ಫ್ಲಾಯ್ಡ್ ತಂಡದ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' 1973ರಲ್ಲಿ ಬಂದ ಆಲ್ಬಂ. ಅದರ ಆರಂಭದಲ್ಲಿ ಹಾಡೂ ಇಲ್ಲ, ಗಿಟಾರೂ ಇಲ್ಲ. ಬಹುತೇಕ ಮೌನದೊಳಗಿಂದ ಎದೆಬಡಿತವೊಂದು ನಿಧಾನಕ್ಕೆ ಮೇಲೇಳುತ್ತದೆ. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಗೆ ಹೊರಟ ಕಂಪನಿ ಬಸ್ಸಿನಲ್ಲಿ ಕೂತು ಕೇಳುವವರಿಗೆ ಆ ಎದೆಬಡಿತ ದಕ್ಕುವುದು ಕಷ್ಟ. ಇಂಜಿನ್ನಿನ ಗುರುಗುರು, ಸಿಲ್ಕ್ ಬೋರ್ಡಿನ ಹಾರನ್ನುಗಳು ಅದನ್ನು ನುಂಗಿಬಿಡುತ್ತವೆ. ಕೇಳುವವರು ವಾಲ್ಯೂಮ್ ಏರಿಸಿದರೆ, ಸ್ವಲ್ಪ ಹೊತ್ತಿಗೆಲ್ಲ ಚೀತ್ಕಾರವೊಂದು ಕಿವಿಗೆ ಅಪ್ಪಳಿಸುತ್ತದೆ. ಹಳೆಯ ಧ್ವನಿಮುದ್ರಣಗಳನ್ನು ಹೊಸದಾಗಿ ತಿದ್ದಿ ಹೊರತರುವ ರೀಮಾಸ್ಟರ್ ಪರಂಪರೆಯ ದೊಡ್ಡ ತೊಡಕು ಇರುವುದು ಇಲ್ಲೇ. ಕೋಣೆಯಲ್ಲಿ ಸುಮ್ಮನೆ ಕೂತು ಕೇಳಲೆಂದು ಮಾಡಿದ ಸಂಗೀತ ಈಗ ಗದ್ದಲದಲ್ಲಿ ಓಡಾಡುವ ಕಿವಿಗಳನ್ನು ತಲುಪಬೇಕಾಗಿದೆ.

ಬೆಂಗಳೂರಿಗೆ ರಾಕ್ ಹೊಸದಲ್ಲ. ಅರಮನೆ ಮೈದಾನದಲ್ಲಿ 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ತಂಡಗಳನ್ನು ಕಣ್ಣಾರೆ ಕಂಡ ತಲೆಮಾರು ಇಲ್ಲಿದೆ. ಅವರಲ್ಲಿ ಅನೇಕರು ಕಿವಿ ಪಳಗಿಸಿಕೊಂಡದ್ದು ಕೈಯಿಂದ ಕೈಗೆ ಕಾಪಿಯಾಗುತ್ತ ಬಂದ ಕ್ಯಾಸೆಟ್ಟುಗಳಲ್ಲಿ, ರೆಸ್ಟ್ ಹೌಸ್ ರಸ್ತೆಯ ಪೆಕೋಸ್‌ನಂಥ ಪಬ್ಬುಗಳಲ್ಲಿ. ಪ್ರತಿ ಕಾಪಿಗೂ ಸಿಂಬಲ್‌ನ ಮಿಂಚು ಮಾಸುತ್ತಿತ್ತು, ಟೇಪಿನ ಸುಯ್ಯೆನ್ನುವ ಸದ್ದು ಹೆಚ್ಚುತ್ತಿತ್ತು. ಇವತ್ತು ವೈಟ್‌ಫೀಲ್ಡ್‌ನ ಅಪಾರ್ಟ್‌ಮೆಂಟುಗಳಲ್ಲಿ ಒಳ್ಳೆಯ ಹೆಡ್‌ಫೋನು, ಟರ್ನ್‌ಟೇಬಲ್ ಇಟ್ಟುಕೊಂಡು ಅದೇ ಆಲ್ಬಮನ್ನು ಮತ್ತೆ ಕೊಳ್ಳುವವರ ಆಸೆ ಬರಿಯ ಶೋಕಿಯಲ್ಲ. ಅರ್ಧ ಮಾತ್ರ ಕೇಳಿದ್ದನ್ನು ಪೂರ್ತಿ ಕೇಳಬೇಕೆಂಬ ಹಂಬಲ ಅದರಲ್ಲಿದೆ. ಆ ಹಂಬಲಕ್ಕೆ ರೀಮಾಸ್ಟರ್ ಎಷ್ಟು ನ್ಯಾಯ ಸಲ್ಲಿಸಿದೆ?

ಮೊದಲು ಎರಡು ಕೆಲಸಗಳನ್ನು ಬೇರ್ಪಡಿಸಿ ನೋಡಬೇಕು. ಮುಗಿದ ಸ್ಟೀರಿಯೋ ಟೇಪನ್ನು ಹೊಸದಾಗಿ ಡಿಜಿಟಲ್‌ಗೆ ಇಳಿಸಿ, ಅದರ ಸದ್ದಿನ ಸಮತೋಲವನ್ನು ತಿದ್ದುವುದು ರೀಮಾಸ್ಟರ್. ಡ್ರಮ್ಸ್, ಬಾಸ್, ದನಿ ಬೇರೆಬೇರೆಯಾಗಿರುವ ಮೂಲ ಮಲ್ಟಿಟ್ರ್ಯಾಕ್ ಟೇಪಿಗೆ ಹೋಗಿ ಮತ್ತೆ ಜೋಡಿಸುವುದು ರೀಮಿಕ್ಸ್. ಬೀಟಲ್ಸ್ ತಂಡದ ಆಲ್ಬಂಗಳು 2009ರಲ್ಲಿ ರೀಮಾಸ್ಟರ್ ಆದವು. 2017ರಲ್ಲಿ 'ಸಾರ್ಜೆಂಟ್ ಪೆಪ್ಪರ್ಸ್' ಆಲ್ಬಮನ್ನು ಜೈಲ್ಸ್ ಮಾರ್ಟಿನ್ ರೀಮಿಕ್ಸ್ ಮಾಡಿದರು. ಮೊದಲನೆಯದು ಹಳೆಯ ತೀರ್ಮಾನಗಳನ್ನು ಉಳಿಸಿಕೊಳ್ಳುತ್ತದೆ, ಎರಡನೆಯದು ಅವನ್ನು ಮತ್ತೆ ಚರ್ಚೆಗೆ ತರುತ್ತದೆ.

ಈ ಪರಂಪರೆಯ ಅತ್ಯುತ್ತಮ ಫಲಗಳೆಲ್ಲ ಮೂಲ ಟೇಪನ್ನು ಹುಡುಕುವ ಹಟದಿಂದ ಬಂದವು. 1969ರ ಕಿಂಗ್ ಕ್ರಿಮ್ಸನ್ ಆಲ್ಬಮನ್ನೇ ನೋಡಿ. ಅಂದು ಇದ್ದದ್ದು ಎಂಟೇ ಟ್ರ್ಯಾಕು. ಅವು ತುಂಬಿದಾಗ ಎಲ್ಲವನ್ನೂ ಬೆರೆಸಿ ಇನ್ನೊಂದು ಟೇಪಿಗೆ ಇಳಿಸಿ ಜಾಗ ಮಾಡಿಕೊಳ್ಳಬೇಕಿತ್ತು, ಹಾಗೆ ಇಳಿಸಿದಾಗಲೆಲ್ಲ ಸ್ಪಷ್ಟತೆ ಒಂದಿಷ್ಟು ಸೋರಿಹೋಗುತ್ತಿತ್ತು. 2009ರ ಆವೃತ್ತಿಗಾಗಿ ಇದನ್ನು ರೀಮಿಕ್ಸ್ ಮಾಡಿದ ಸಂಗೀತಗಾರ ಸ್ಟೀವನ್ ವಿಲ್ಸನ್ ಬೆರೆಸುವುದಕ್ಕೆ ಮುಂಚಿನ ಟೇಪುಗಳಿಗೇ ಹಿಂದಿರುಗಿ, ಕಂಪ್ಯೂಟರಿನಲ್ಲಿ ಅವನ್ನು ಒಂದಕ್ಕೊಂದು ಹೊಂದಿಸಿದರು. ನಲವತ್ತು ವರ್ಷ ಮಬ್ಬಾಗಿ ಕೇಳುತ್ತಿದ್ದದ್ದು ತಿಳಿಯಾಯಿತು. ಜೆಥ್ರೋ ಟಲ್ ತಂಡದ 'ಆಕ್ವಾಲಂಗ್' ಕೂಡ ಅವರ ಕೈಯಲ್ಲೇ ಹೊಸ ಬೆಳಕು ಕಂಡಿತು. ಹಳೆಯ ಕೆಲಸದ ಮೇಲೆ ಅಪಾರ ಗೌರವವಿದ್ದವರು ಮಾತ್ರ ಮಾಡಬಹುದಾದ ವಿಮರ್ಶೆ ಇದು.

ಕೆಡಿಸುವ ಕೈ ಹೇಗಿರುತ್ತದೆ ಎಂಬುದಕ್ಕೆ ಲೆಡ್ ಜೆಪೆಲಿನ್ ತಂಡದ 'ವೆನ್ ದಿ ಲೆವೀ ಬ್ರೇಕ್ಸ್' ಹಾಡಿನ ಡ್ರಮ್ಸ್ ಒಳ್ಳೆಯ ಪರೀಕ್ಷೆ. ಇಂಗ್ಲೆಂಡಿನ ಹೆಡ್ಲಿ ಗ್ರೇಂಜ್ ಎಂಬ ಹಳೆಯ ಮನೆಯ ಹಜಾರದಲ್ಲಿ ಜಾನ್ ಬೊನಾಮ್ ಡ್ರಮ್ಸ್ ನುಡಿಸಿದರೆ, ಎಂಜಿನಿಯರ್ ಆಂಡಿ ಜಾನ್ಸ್ ಮೈಕುಗಳನ್ನು ಮಹಡಿಯ ಮೆಟ್ಟಿಲ ಮೇಲಿಂದ ಇಳಿಬಿಟ್ಟರು. ನಮಗೆ ಕೇಳುವುದು ಪೆಟ್ಟು ಮಾತ್ರವಲ್ಲ. ಪೆಟ್ಟಿನ ಬೆನ್ನಿಗೆ ಇಡೀ ಮನೆ ಮೊಳಗಿ ತಣ್ಣಗಾಗುವುದು ಕೇಳುತ್ತದೆ. ಸದ್ದಿನ ಏರನ್ನು ತಡೆಯುವ ಲಿಮಿಟರ್ ಹಾಕಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ಏರಿಸಿದರೆ ಪೆಟ್ಟಿನ ತುದಿ ಕತ್ತರಿಸಿಹೋಗುತ್ತದೆ, ಮೊಳಗು ಮೇಲೇರಿ ಪೆಟ್ಟಿಗೇ ಅಂಟಿಕೊಳ್ಳುತ್ತದೆ. ಎಲೆಯ ಮೇಲಿನ ಪಾಯಸಕ್ಕೂ ಪಲ್ಯಕ್ಕೂ ಒಂದೇ ಹಿಡಿ ಖಾರ ಸುರಿದಂತೆ. 1990ರ ದಶಕದಿಂದಾಚೆಗೆ ಬಂದ ಎಷ್ಟೋ ಮರುಮುದ್ರಣಗಳಿಗೆ ಈ ಜೋರಿನ ಹುಚ್ಚು ಹಿಡಿದಿತ್ತು. ಹೊಸ ಆಲ್ಬಂಗಳೂ ಇದರಿಂದ ಪಾರಾಗಲಿಲ್ಲ. ರಶ್ ತಂಡದ 2002ರ 'ವೇಪರ್ ಟ್ರೇಲ್ಸ್' ಎಷ್ಟು ನಜ್ಜುಗುಜ್ಜಾಗಿತ್ತೆಂದರೆ, 2013ರಲ್ಲಿ ಇಡೀ ಆಲ್ಬಮನ್ನು ರೀಮಿಕ್ಸ್ ಮಾಡಿ ಹೊರತರಬೇಕಾಯಿತು.

ಜೋರಿಗಿಂತ ದೊಡ್ಡ ಅಪರಾಧವೊಂದಿದೆ. ಓಜಿ ಓಸ್ಬೋರ್ನ್ ಅವರ 'ಬ್ಲಿಜರ್ಡ್ ಆಫ್ ಓಜ್' ಮತ್ತು 'ಡೈರಿ ಆಫ್ ಎ ಮ್ಯಾಡ್‌ಮ್ಯಾನ್' 2002ರಲ್ಲಿ ಮತ್ತೆ ಬಂದಾಗ, ಬಾಬ್ ಡೈಸ್ಲಿ ನುಡಿಸಿದ್ದ ಬಾಸ್, ಲೀ ಕರ್ಸ್ಲೇಕ್ ನುಡಿಸಿದ್ದ ಡ್ರಮ್ಸ್ ಅಳಿಸಿ ಬೇರೆಯವರಿಂದ ನುಡಿಸಿ ತುಂಬಲಾಗಿತ್ತು. ಮೂಲ ವಾದನ ಮರಳಿದ್ದು 2011ರಲ್ಲಿ. ಕಲಾವಿದರ ದುಡಿಮೆಯನ್ನೇ ಚರಿತ್ರೆಯಿಂದ ಒರೆಸಿಹಾಕುವುದನ್ನು ಯಾವ ತಾಂತ್ರಿಕ ಸೊಗಸೂ ಸಮರ್ಥಿಸಲಾರದು.

ಈಗ ಜೋರಿಗೆ ಕಾರಣವೂ ಉಳಿದಿಲ್ಲ. ಸ್ಪಾಟಿಫೈನಂಥ ಸೇವೆಗಳು ಎಲ್ಲ ಹಾಡುಗಳನ್ನೂ ಸುಮಾರು ಒಂದೇ ಮಟ್ಟಕ್ಕೆ, ಸಾಮಾನ್ಯವಾಗಿ ಮೈನಸ್ 14 ಎಲ್‌ಯುಎಫ್‌ಎಸ್ (ಸದ್ದಿನ ಜೋರನ್ನು ಅಳೆಯುವ ಮಾನ) ಆಸುಪಾಸಿಗೆ ತಂದು ಕೇಳಿಸುತ್ತವೆ. ಜೋರಾಗಿ ಹಿಂಡಿದ ರೀಮಾಸ್ಟರ್ ಅಲ್ಲಿ ತಗ್ಗುತ್ತದೆ, ಕಳೆದುಕೊಂಡ ಏರಿಳಿತ ಮಾತ್ರ ಮರಳುವುದಿಲ್ಲ. ಬಸ್ಸಿನ ಗದ್ದಲವನ್ನು ತಗ್ಗಿಸುವ ಕೆಲಸ ಹೆಡ್‌ಫೋನಿನದು. ಅದಕ್ಕಾಗಿ ಆಲ್ಬಮನ್ನೇ ಚಪ್ಪಟೆ ಮಾಡಬೇಕಿಲ್ಲ.

ಹಾಗಾಗಿ ಯಾವುದೇ ಮರುಮುದ್ರಣಕ್ಕೆ ಮೂರು ಪ್ರಶ್ನೆ ಕೇಳಬೇಕು: ಯಾವ ಟೇಪಿನಿಂದ ಮಾಡಿದ್ದು? ಏರಿಳಿತ ಉಳಿದಿದೆಯೇ? ಮೂಲ ಕಲಾವಿದರೆಲ್ಲ ಅದರಲ್ಲಿ ಇದ್ದಾರೆಯೇ? ಈ ಪ್ರಶ್ನೆಗಳನ್ನು ನಮ್ಮದೇ ಸಂಗೀತಕ್ಕೆ ಕೇಳಿದರೆ ಎದೆ ಭಾರವಾಗುತ್ತದೆ. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ 1978ರದು. ಥರ್ಮಲ್ ಅಂಡ್ ಎ ಕ್ವಾರ್ಟರ್ 1996ರಿಂದ, ಕ್ರಿಪ್ಟೋಸ್ 1998ರಿಂದ ಬೆಂಗಳೂರಿನಲ್ಲೇ ದುಡಿದ ತಂಡಗಳು. ಶಿಶುನಾಳ ಷರೀಫರನ್ನು ಗಿಟಾರಿನ ಜತೆ ಹೊಸ ಕಿವಿಗಳಿಗೆ ತಲುಪಿಸಿದ ರಘು ದೀಕ್ಷಿತ್ ಅವರ ಮೊದಲ ಆಲ್ಬಂ 2008ರದು. 'ಡಾರ್ಕ್ ಸೈಡ್' ಆಲ್ಬಂನ 1994, 2003, 2011, 2023ರ ಆವೃತ್ತಿಗಳನ್ನು ಸಾಲಾಗಿ ಜೋಡಿಸಿಡುವ ನಾವು, ಇವುಗಳ ಮೂಲ ಟೇಪು, ಮೂಲ ಫೈಲುಗಳ ಬಗ್ಗೆ ಒಮ್ಮೆಯೂ ವಿಚಾರಿಸುವುದಿಲ್ಲ.

ಟೇಪು ನಮಗಾಗಿ ಕಾಯುವುದಿಲ್ಲ. ಕೆಲವು ಬಗೆಯ ಟೇಪುಗಳಲ್ಲಿ ಕಾಂತೀಯ ಪುಡಿಯನ್ನು ಹಿಡಿದಿಡುವ ಅಂಟು ತೇವ ಹೀರಿ ಜಿಗುಟಾಗುತ್ತದೆ. ಹಾಗೇ ನುಡಿಸಿದರೆ ಪುಡಿ ಕಿತ್ತುಬರುತ್ತದೆ. ಅಂಥವನ್ನು ಸುಮಾರು 50 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಗಂಟೆಗಟ್ಟಲೆ ಹದವಾಗಿ ಒಣಗಿಸಿ, ಅಂಟು ಗಟ್ಟಿಯಾಗಿರುವ ಅಲ್ಪ ಅವಧಿಯಲ್ಲೇ ಡಿಜಿಟಲ್‌ಗೆ ಇಳಿಸಬೇಕು. 2008ರಲ್ಲಿ ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೋದ ಬೆಂಕಿಯಲ್ಲಿ ಮೂಲ ಟೇಪುಗಳು ಸುಟ್ಟುಹೋದವು. ಅಷ್ಟು ಸಿರಿವಂತ ಕಂಪನಿಯ ಉಗ್ರಾಣಕ್ಕೇ ಆ ಗತಿ ಬಂದಿರುವಾಗ ನಮ್ಮ ಟ್ರಂಕು, ಅಟ್ಟಗಳ ಪಾಡೇನು?

ಆ ಟೇಪುಗಳನ್ನು ಉಳಿಸಲು ಬೇಕಾದ ಕೈಗಳು ಈ ನಗರದ ಅಂಚಿನಲ್ಲೇ ಇವೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದಾಗಿನಿಂದ ಚಿಪ್ಪು, ಸಿಗ್ನಲ್ ಪ್ರಾಸೆಸಿಂಗ್ ಬಲ್ಲ ಎಂಜಿನಿಯರುಗಳ ತಲೆಮಾರುಗಳೇ ಇಲ್ಲಿ ಬೆಳೆದಿವೆ. ಹಳೆಯ ಟೇಪ್ ಯಂತ್ರಕ್ಕೆ ಸವೆದ ರೋಲರ್, ಶಾಫ್ಟ್ ಹೊಸದಾಗಿ ಕಡೆದುಕೊಡಬಲ್ಲ ಲೇತ್ ಕೆಲಸಗಾರರು ಪೀಣ್ಯದಲ್ಲಿದ್ದಾರೆ. ಕೊಳ್ಳುವ ಶಕ್ತಿಯೂ ಕೇಳುವ ಕಿವಿಯೂ ವೈಟ್‌ಫೀಲ್ಡ್‌ನಲ್ಲಿವೆ. ರೀಮಾಸ್ಟರ್ ಪರಂಪರೆ ನಮಗೆ ಕಲಿಸಿದ ಅತಿ ದೊಡ್ಡ ಪಾಠ, ಕೇಳುಗರು ಬಿಡದೆ ಕೇಳಿದರೆ ಮೂಲ ಟೇಪುಗಳು ಹೊರಬರುತ್ತವೆ ಎಂಬುದು. ಆ ಬೇಡಿಕೆಯನ್ನು ಇನ್ನು ಕನ್ನಡದಲ್ಲಿ, ಕನ್ನಡದ ಟೇಪುಗಳಿಗಾಗಿ ಮುಂದಿಡೋಣ.