ಸ್ಯಾಟರ್ನ್ ಸೋತದ್ದು ಎಲ್ಲಿ?

ಹಳೆಯ ವಿಡಿಯೊ ಗೇಮ್ ಕನ್ಸೋಲ್‌ಗಳ ಬಗ್ಗೆ ಬರೆಯುವವರಿಗೆ ‘ಅತಿ ಕೆಟ್ಟವು’ ಎಂಬ ಪಟ್ಟಿ ಮಾಡುವ ಚಟ ಬಿಟ್ಟಿಲ್ಲ. ಅಟಾರಿ ಜಾಗ್ವಾರ್, ಫಿಲಿಪ್ಸ್ ಸಿಡಿ-ಐ, ನಿಂಟೆಂಡೊದ ವರ್ಚುವಲ್ ಬಾಯ್ ಅಲ್ಲಿಯ ಖಾಯಂ ಗಿರಾಕಿಗಳು. ಅವುಗಳ ಬಗ್ಗೆ ನನಗೆ ತಕರಾರಿಲ್ಲ. ಸಿಡಿ-ಐಗೆ ಬಂದ ಜೆಲ್ಡಾ ಆಟಗಳ ಪರವಾಗಿ ವಕಾಲತ್ತು ವಹಿಸುವಷ್ಟು ಎದೆಗಾರಿಕೆಯೂ ಇಲ್ಲ. ಮೈ ಉರಿಯುವುದು ಅದೇ ಪಟ್ಟಿಯ ಕೆಳಗೆಲ್ಲೋ ಸೆಗಾ ಸ್ಯಾಟರ್ನ್ ಹೆಸರು ಕಂಡಾಗ. ದುಬಾರಿ, ಜಟಿಲ, ತ್ರೀಡಿ ಬಾರದ ಯಂತ್ರ, ಸೋನಿಯ ಮುಂದೆ ಮಣ್ಣುಮುಕ್ಕಿತು ಎಂಬ ಷರಾ ಮೂವತ್ತು ವರ್ಷಗಳಿಂದ ಒಬ್ಬರಿಂದ ಒಬ್ಬರಿಗೆ ನಕಲಾಗುತ್ತ ಬಂದಿದೆ. ಬರೆದವರಲ್ಲಿ ಎಷ್ಟು ಮಂದಿ ಆ ಯಂತ್ರದ ಒಳ್ಳೆಯ ಆಟಗಳಲ್ಲಿ ಒಂದನ್ನಾದರೂ ಕೊನೆಮುಟ್ಟ ಆಡಿದ್ದಾರೆ ಎಂಬ ಅನುಮಾನ ನನ್ನದು.

ಸೋತಿತು ಸರಿ, ಎಲ್ಲಿ? ಜಪಾನಿನ ಅಂಗಡಿಗಳಿಗೆ ಸ್ಯಾಟರ್ನ್ ಬಂದದ್ದು 1994ರ ನವೆಂಬರ್ 22ಕ್ಕೆ. ಸೋನಿಯ ಪ್ಲೇಸ್ಟೇಷನ್ ಡಿಸೆಂಬರ್ 3ಕ್ಕೆ. ಆ ದೇಶದಲ್ಲಿ ಸ್ಯಾಟರ್ನ್ ಸುಮಾರು 57 ಲಕ್ಷ ಮಾರಾಟವಾಯಿತು. ಎಲ್ಲರೂ ಕೈಮುಗಿಯುವ ನಿಂಟೆಂಡೊ 64 ಅಲ್ಲಿ ಮುಟ್ಟಿದ್ದು ಸುಮಾರು 55 ಲಕ್ಷ. ಮಾರಾಟವೇ ಅಳತೆಗೋಲಾದರೆ ಜಪಾನಿನ ಮಟ್ಟಿಗೆ ನಿಂಟೆಂಡೊ 64 ಕೂಡ ಸೋತ ಯಂತ್ರವೇ. ಹಾಗೆ ಬರೆದವರನ್ನು ನಾನಂತೂ ಕಂಡಿಲ್ಲ. ಜಗತ್ತಿನ ಲೆಕ್ಕದಲ್ಲಿ ಪ್ಲೇಸ್ಟೇಷನ್ 10 ಕೋಟಿ ದಾಟಿತು, ಸ್ಯಾಟರ್ನ್ ಒಂದು ಕೋಟಿಯನ್ನೂ ತಲುಪಲಿಲ್ಲ ಎನ್ನುವುದು ನಿಜ. ಆದರೆ ಆ ಕೊರತೆಯ ಒಂದು ದೊಡ್ಡ ಪಾಲು ಅಮೆರಿಕದ್ದು, ಮತ್ತು ಅಮೆರಿಕದಲ್ಲಿ ಮುಗ್ಗರಿಸಿದ್ದು ಸೆಗಾದ ಕಚೇರಿ.

1995ರ ಮೇ 11, ಲಾಸ್ ಏಂಜಲೀಸ್, ಮೊತ್ತಮೊದಲ ಇ3 ಮೇಳ. ಸೆಪ್ಟೆಂಬರ್ 2ಕ್ಕೆ ಬರಬೇಕಿದ್ದ ಸ್ಯಾಟರ್ನ್ ಆಗಲೇ ಅಂಗಡಿಯಲ್ಲಿದೆ, ಬೆಲೆ 399 ಡಾಲರ್ ಎಂದು ಸೆಗಾ ಅಮೆರಿಕದ ಟಾಮ್ ಕಲಿನ್‌ಸ್ಕಿ ವೇದಿಕೆಯಿಂದ ಸಾರಿದರು. ದಾಸ್ತಾನು ಸಿಕ್ಕಿದ್ದು ಬೆರಳೆಣಿಕೆಯ ಮಳಿಗೆಗಳಿಗೆ. ಕೈಬಿಟ್ಟುಹೋದ ಕೆಬಿ ಟಾಯ್ಸ್‌ನವರು ಸಿಟ್ಟಾಗಿ ಸ್ಯಾಟರ್ನನ್ನು ತಮ್ಮ ಅಂಗಡಿಗೇ ಸೇರಿಸಲಿಲ್ಲ. ಸೆಪ್ಟೆಂಬರ್ ಲೆಕ್ಕ ಹಿಡಿದು ಕೆಲಸ ಮಾಡುತ್ತಿದ್ದ ಹೊರಗಿನ ಕಂಪನಿಗಳ ಆಟಗಳು ಸಿದ್ಧವಾಗಿರಲಿಲ್ಲ. ಸೋನಿಯ ಸ್ಟೀವ್ ರೇಸ್ ಅದೇ ಮೇಳದಲ್ಲಿ ವೇದಿಕೆ ಹತ್ತಿ ‘299’ ಎಂದಷ್ಟೇ ಹೇಳಿ ಇಳಿದುಹೋದ ಕಥೆಯನ್ನು ಚಪ್ಪರಿಸಿಕೊಂಡು ಹೇಳುವವರಿದ್ದಾರೆ. ನನಗೂ ಇಷ್ಟದ ಕಥೆಯೇ. ಆದರೆ ಅದು ವ್ಯಾಪಾರಿಯ ದಡ್ಡತನದ ಕಥೆ. ಸರಕಿನ ಗುಣದ ಬಗ್ಗೆ ಅದು ಒಂದಕ್ಷರವನ್ನೂ ಹೇಳುವುದಿಲ್ಲ.

ಯಂತ್ರದೊಳಗೆ ಬರೋಣ. ಹಿಟಾಚಿಯ ಎಸ್‌ಎಚ್-2 ಪ್ರೊಸೆಸರ್‌ಗಳು ಎರಡು. ಇಬ್ಬರಿಗೂ ನೆನಪಿನ ಕಡೆಗೆ ಹೋಗುವ ದಾರಿ ಒಂದೇ. ಒಬ್ಬ ಹೋಗುತ್ತಿದ್ದರೆ ಇನ್ನೊಬ್ಬ ಕಾಯಬೇಕು. ಉಳಿದವರಲ್ಲಿ ಹೆಚ್ಚಿನವರು ತ್ರಿಕೋನಗಳಿಂದ ಆಕಾರ ಕಟ್ಟುತ್ತಿದ್ದಾಗ ಇದು ಚತುರ್ಭುಜ ಹಿಡಿಯಿತು. ಹೊಗೆ, ನೆರಳುಗಳನ್ನು ಅರೆಪಾರದರ್ಶಕವಾಗಿ ತೋರಿಸಲು ತಿಣುಕಿ, ಎಷ್ಟೋ ಆಟಗಳಲ್ಲಿ ಚುಕ್ಕಿಚುಕ್ಕಿ ಜಾಲರಿಯಿಂದ ಕೆಲಸ ಸಾಗಿಸಿತು. ಆಟ ಉಳಿಸುವ ಒಳಗಿನ ನೆನಪು ಒಂದು ಗುಂಡಿ ಬ್ಯಾಟರಿಯನ್ನು ನಂಬಿಕೊಂಡಿತ್ತು, ಅದು ಸತ್ತರೆ ಎಲ್ಲ ಹೋಯಿತು. ಇಷ್ಟನ್ನೂ ಒಪ್ಪುತ್ತೇನೆ. ಒಪ್ಪಿದ ಮೇಲೆ ಕೇಳುತ್ತೇನೆ: ಇದರ ಕೈಯಲ್ಲಿ ಚಿತ್ರ ಬರೆಸಿ ನೋಡಿದ್ದೀರಾ? ಒಂದು ಚಿಪ್ ಪಾತ್ರಗಳನ್ನು ಹಿಗ್ಗಿಸಿ, ಕುಗ್ಗಿಸಿ, ತಿರುಚಿ ಕುಣಿಸಿದರೆ, ಇನ್ನೊಂದು ಬರೀ ಹಿನ್ನೆಲೆಗಾಗಿಯೇ ದುಡಿಯುತ್ತದೆ. ಪರದೆಯ ಮೇಲೆ ಪರದೆ ಜೋಡಿಸಿ, ಬೇಕೆಂದರೆ ಒಂದನ್ನು ನೆಲದಂತೆ ಮಲಗಿಸಿ ದಿಗಂತದವರೆಗೆ ಹಾಸುತ್ತದೆ. ಕೈಯಲ್ಲಿ ಬರೆದ ಚಿತ್ರ ಚಲಿಸುವುದಕ್ಕೆ ಆ ಕಾಲದ ಮನೆಯಂತ್ರಗಳಲ್ಲಿ ಇದಕ್ಕಿಂತ ಒಳ್ಳೆಯ ಅಂಗಳ ಇರಲಿಲ್ಲ.

‘ಎಕ್ಸ್-ಮೆನ್ ವರ್ಸಸ್ ಸ್ಟ್ರೀಟ್ ಫೈಟರ್’ ನೋಡಿ. 1997ರಲ್ಲಿ ಜಪಾನಿನ ಸ್ಯಾಟರ್ನ್‌ಗೆ 4 ಎಂಬಿ ರ‍್ಯಾಮ್ ಕಾರ್ಟ್ರಿಜ್ ಜೊತೆ ಬಂದ ಈ ಆಟದಲ್ಲಿ ಕಾದಾಡುತ್ತಲೇ ಜೊತೆಗಾರನನ್ನು ಅಖಾಡಕ್ಕಿಳಿಸಬಹುದಿತ್ತು, ಆರ್ಕೇಡಿನಲ್ಲಿ ಇದ್ದ ಹಾಗೆಯೇ. ಪ್ಲೇಸ್ಟೇಷನ್‌ಗೆ ಬಂದಾಗ ನೆನಪು ಸಾಲದೆ ಆ ಅದಲುಬದಲಿನ ಆಟವೇ ಮಾಯ. ಆಟದ ಜೀವವನ್ನೇ ಕತ್ತರಿಸಿ ಮಾರಿದ ಯಂತ್ರ ಗೆದ್ದದ್ದಂತೆ.

ನನ್ನ ಪಕ್ಷಪಾತದ ಮೂಲ ಮಾತ್ರ ಬೇರೆ. ಅದು ‘ಪ್ರಿನ್ಸೆಸ್ ಕ್ರೌನ್’. 1997ರಲ್ಲಿ ಅಟ್ಲಸ್ ಪ್ರಕಟಿಸಿದ, ಜಾರ್ಜ್ ಕಮಿತಾನಿ ನಿರ್ದೇಶಿಸಿದ ಆಟ. ಅಜ್ಜಿ ಪುಸ್ತಕ ತೆರೆದು ಪುಟ್ಟ ಹುಡುಗಿಗೆ ಓದಿ ಹೇಳುತ್ತಾಳೆ. ಆ ಪುಟಗಳೊಳಗಿಂದ ಹದಿಮೂರರ ರಾಣಿ ಗ್ರಾಡ್ರಿಯೆಲ್ ರಾಜ್ಯ ನೋಡಲು ಹೊರಡುತ್ತಾಳೆ. ಹೋರಾಟ ಎಡಬಲದಲ್ಲೇ, ಆಳ ಎಂಬುದಿಲ್ಲ. ಆದರೆ ಪಾತ್ರಗಳು ದೊಡ್ಡವು, ತೂಕವಿದ್ದವು. ಸುಮ್ಮನೆ ನಿಂತರೂ ಉಸಿರಾಡುತ್ತಿರುತ್ತವೆ. ಗ್ರಾಡ್ರಿಯೆಲ್ ಕತ್ತಿ ಬೀಸಿದರೆ ಮೈ ಹಿಂದೆ ಬಾಗಿ ಮುಂದೆ ಬರುತ್ತದೆ. ಹಸಿದರೆ ತಿನ್ನುತ್ತಾಳೆ, ಆ ತಿನ್ನುವುದನ್ನೂ ಯಾರೋ ಕೂತು ಬರೆದಿದ್ದಾರೆ. ಪಾಲಿಗನ್ನಿನ ಮುಖಗಳಿಗೆ ಬಾಯಿ ತೆರೆಯಲೂ ಬಾರದಿದ್ದ ಕಾಲದಲ್ಲಿ ಬಂದ ಆಟವಿದು. ಅಮೆರಿಕಕ್ಕೆ ಬರಲೇ ಇಲ್ಲ. ಮುಂದೆ ಕಮಿತಾನಿ ವೆನಿಲ್ಲಾವೇರ್ ಕಟ್ಟಿ 2007ರಲ್ಲಿ ‘ಓಡಿನ್ ಸ್ಫಿಯರ್’, 2019ರಲ್ಲಿ ‘13 ಸೆಂಟಿನೆಲ್ಸ್’ ಕೊಟ್ಟಾಗ ಚಿತ್ರವತ್ತಾದ ಆಟ ಎಂದು ಚಪ್ಪಾಳೆ ತಟ್ಟಿದವರೇ, ಆ ಕೈ ಪಳಗಿದ ಯಂತ್ರವನ್ನು ಕೆಟ್ಟವುಗಳ ಪಟ್ಟಿಗೆ ಹಾಕುತ್ತಾರೆ.

ಇಂಥ ಆಟಗಳು ಅಮೆರಿಕಕ್ಕೆ ಬಾರದಿರಲು ಕಾರಣವೂ ಅಭಿರುಚಿಯೇ. ಸೋನಿಯಿಂದ ಸೆಗಾ ಅಮೆರಿಕಕ್ಕೆ ಬಂದ ಬರ್ನಿ ಸ್ಟೋಲರ್‌ಗೆ ಟೂಡಿ ಎಂದರೆ ಹಳಸಲು ಮಾಲು. 1997ರ ಇ3 ಹೊತ್ತಿಗೆ ಸ್ಯಾಟರ್ನ್ ನಮ್ಮ ಭವಿಷ್ಯವಲ್ಲ ಎಂದು ಬಹಿರಂಗವಾಗಿಯೇ ಹೇಳಿಬಿಟ್ಟರು. ತನ್ನ ಅಂಗಡಿಯ ಬಾಗಿಲಲ್ಲೇ ನಿಂತು ಗಿರಾಕಿಯನ್ನು ವಾಪಸು ಕಳಿಸುವ ಇಂಥ ಯಜಮಾನ ಎಲ್ಲಿ ಸಿಗಬೇಕು! ಮರುವರ್ಷ ನಾಲ್ಕು ಡಿಸ್ಕಿನ ‘ಪ್ಯಾಂಜರ್ ಡ್ರಾಗೂನ್ ಸಾಗಾ’ ಬಂದಾಗ ಅಮೆರಿಕದಲ್ಲಿ ಪ್ರತಿಗಳು ಕೆಲವೇ ಇದ್ದವು; ಈಗ ಅದಕ್ಕೆ ಸಂಗ್ರಹಕಾರರು ಕೇಳಿದಷ್ಟು ಕೊಡುತ್ತಾರೆ. ಟ್ರೆಷರ್ ಕಂಪನಿಯ ‘ರೇಡಿಯಂಟ್ ಸಿಲ್ವರ್‌ಗನ್’ ಎಕ್ಸ್‌ಬಾಕ್ಸ್ 360ರ ಮೂಲಕ ಹೊರಜಗತ್ತಿಗೆ ದಕ್ಕಿದ್ದು 2011ರಲ್ಲಿ.

ನನ್ನ ಜಗಳ ಸೆಗಾವನ್ನು ದಾಟಿ ಹೋಗುತ್ತದೆ. ಕಲೆಯಲ್ಲಿ ಹೊಸ ತಂತ್ರ ಬಂದೊಡನೆ ಹಳೆಯದು ಸತ್ತಿತೆಂದು ತಮಟೆ ಹೊಡೆಯುವ ಈ ಆತುರ ಯಾಕೆ? ಪ್ರಾಸ ಬಿಟ್ಟವನೇ ಆಧುನಿಕ ಎಂದು ನಮ್ಮ ನವ್ಯದ ದಿನಗಳಲ್ಲೂ ಕೆಲವರು ನಂಬಿದ್ದರು; ಲಯಕ್ಕೆ ಅದರಿಂದ ಏನೂ ಆಗಲಿಲ್ಲ. 1996ರ ತ್ರೀಡಿ ಆಟಗಳಲ್ಲಿ ಬಹುಪಾಲನ್ನು ಇಂದು ಕಣ್ಣು ಕಿರಿದಾಗಿಸಿ ನೋಡಬೇಕು: ಅಲುಗಾಡುವ ಗೋಡೆ, ಮಂಜಿನಲ್ಲಿ ಮುಚ್ಚಿದ ದಿಗಂತ. ‘ಗಾರ್ಡಿಯನ್ ಹೀರೋಸ್’ ಕೂಡ ಅದೇ ವರ್ಷದ್ದು, ಅದಕ್ಕೆ ಯಾರ ರಿಯಾಯಿತಿಯೂ ಬೇಡ. ಮುಪ್ಪಾದದ್ದು ಯಾವುದು ಎಂದು ಕಣ್ಣೇ ಹೇಳುತ್ತದೆ.

ಇನ್ನೊಂದು ಬೇಸರ ನಮ್ಮವರ ಮೇಲೆ. ಆಗ ನಮ್ಮ ಪೇಟೆಗಳಲ್ಲಿ ಟಿವಿ ಗೇಮ್ ಎಂದರೆ ಹೆಚ್ಚಾಗಿ ನಿಂಟೆಂಡೊದ ಫ್ಯಾಮಿಕಾಮ್‌ನ ನಕಲು ಪೆಟ್ಟಿಗೆ; ಅದರೊಳಗೆ ಕಾಂಟ್ರಾ, ಮಾರಿಯೊ. ಸೆಗಾ-ಸೋನಿ ಕಾಳಗದಲ್ಲಿ ನಮಗೆ ಕೊಡುವುದೂ ಇರಲಿಲ್ಲ, ಕೊಳ್ಳುವುದೂ ಇರಲಿಲ್ಲ. ಯಾರ ಹಂಗೂ ಇಲ್ಲದೆ ತೀರ್ಪು ಕೊಡಬಹುದಾದ ಈ ಅನುಕೂಲವನ್ನು ಬಿಟ್ಟು ಕ್ಯಾಲಿಫೋರ್ನಿಯಾದ ಅಂಗಡಿ ಲೆಕ್ಕವನ್ನೇ ವಿಮರ್ಶೆ ಎಂದು ಉರುಹೊಡೆಯುತ್ತೇವೆ.

ಪಟ್ಟಿ ಮಾಡಲೇಬೇಕು ಎನ್ನುವವರಿಗೆ ಸೆಗಾದ ಮನೆಯಲ್ಲೇ ಸರಿಯಾದ ಆಸಾಮಿ ಇದೆ. ಸ್ಯಾಟರ್ನ್ ಜಪಾನಿನಲ್ಲಿ ಹೊರಬಂದ ತಿಂಗಳಲ್ಲೇ ಅಮೆರಿಕದಲ್ಲಿ ಸೆಗಾದ ಹಿಂದಿನ ಕನ್ಸೋಲ್ ಜೆನೆಸಿಸ್‌ನ ತಲೆಗೆ ಸಿಕ್ಕಿಸಲು ಮಾರಿದ 32ಎಕ್ಸ್. ಅದನ್ನು ಬೇಕಾದರೆ ಮೊದಲ ಸ್ಥಾನದಲ್ಲಿ ಕೂರಿಸಿ. ಸ್ಯಾಟರ್ನ್ ಹೆಸರನ್ನು ಹೊಡೆದುಹಾಕಿ.